ಹೆಸರಿಲ್ಲದವಳ ನಲವತ್ತೈದು ನಿಮಿಷ

‘ಕಾಂಕ್ಯುಬೈನ್’ ಎಂಬ ಹಾಡು ಒಂದು ನಿಮಿಷ ಇಪ್ಪತ್ತು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ಗಿಟಾರುಗಳು ಒಂದರ ಮೇಲೊಂದು ಕುಸಿದು ಬೀಳುತ್ತವೆ. ಇಲ್ಲಿ ನಿಲ್ಲಬಹುದು ಎಂದು ನಾವು ಎಣಿಸಿದ ಜಾಗದಲ್ಲಿ ಡ್ರಮ್ ನಿಲ್ಲದೆ ಮುಂದೆ ಓಡುತ್ತದೆ. ಗಂಟಲು ಹರಿದೇಹೋಯಿತೇನೋ ಎಂಬಂತೆ ಒಬ್ಬ ಅರಚುತ್ತಾನೆ. ಏನೆಂದು ಅರಚಿದ ಎನ್ನುವುದು ಇಂಗ್ಲಿಷ್ ತಾಯ್ನುಡಿಯವರಿಗೂ ತಿಳಿಯುವುದಿಲ್ಲ. ಮೊದಲ ಸಲ ಕೇಳಿದವರಲ್ಲಿ ಬಹಳ ಮಂದಿ ಅಲ್ಲಿಗೇ ಸಾಕೆನ್ನುತ್ತಾರೆ. ಸಾಕೆನ್ನದವರು ಮಾತ್ರ ಆಮೇಲೆ ಆ ಆಲ್ಬಮ್ಮನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಅದರ ಹೊದಿಕೆಯ ಮೇಲಿರುವ ಮುಖವನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವರು ಜಗತ್ತಿನ ನಾನಾ ಊರುಗಳಲ್ಲಿದ್ದಾರೆ.

ಆಲ್ಬಮ್ಮಿನ ಹೆಸರು ‘ಜೇನ್ ಡೋ’. ತಂಡ ಕನ್ವರ್ಜ್, ಊರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ. 2001ರ ಸೆಪ್ಟೆಂಬರ್ 4ರಂದು ಈಕ್ವಲ್ ವಿಷನ್ ಎಂಬ ಸಣ್ಣ ಸಂಸ್ಥೆ ಅದನ್ನು ಹೊರತಂದಿತು. ಹನ್ನೆರಡು ಹಾಡುಗಳು, ಹೆಚ್ಚುಕಡಿಮೆ ನಲವತ್ತೈದು ನಿಮಿಷ. ರೇಡಿಯೊದವರು ಹಾಕುವಂಥ ಒಂದು ಹಾಡೂ ಅದರಲ್ಲಿಲ್ಲ. ಆದರೂ ಬ್ರಿಟನ್ನಿನ ‘ಟೆರರೈಸರ್’ ಪತ್ರಿಕೆ ಅದನ್ನೇ ಆ ವರ್ಷದ ಆಲ್ಬಂ ಎಂದು ಆರಿಸಿತು. ಅಮೆರಿಕದ ‘ಡೆಸಿಬೆಲ್’ ಪತ್ರಿಕೆ ಮುಂದೆ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಮೆಟಾಲಿಕ್ ಹಾರ್ಡ್‌ಕೋರ್ ಎಂಬ ಪ್ರಕಾರದ ಮಾತು ಎಲ್ಲಿಯೇ ಬಂದರೂ ಈ ಹೆಸರನ್ನು ದಾಟಿ ಮುಂದೆ ಹೋಗಲಾಗದು. ಇಷ್ಟೊಂದು ಕರ್ಕಶವಾದದ್ದು ಇಷ್ಟೊಂದು ಜನರಿಗೆ ಹೇಗೆ ಹತ್ತಿರವಾಯಿತು? ಸಿಟ್ಟಿನ ಹುಡುಗರ ಸಿಟ್ಟಿನ ಸಂಗೀತ ಎನ್ನುವ ಸಿದ್ಧ ಉತ್ತರವೊಂದಿದೆ. ನನಗೆ ಅದು ಸಾಲದು. ಸಿಟ್ಟಿನ ಆಲ್ಬಂಗಳು ಆ ಕಾಲದಲ್ಲಿ ಸಾವಿರ ಇದ್ದವು.

ಪ್ರಕಾರದ ಹಿನ್ನೆಲೆ ಸ್ವಲ್ಪ ಬೇಕು. 1980ರ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಪಂಕ್ ಸಂಗೀತವನ್ನು ಇನ್ನಷ್ಟು ವೇಗವಾಗಿ, ಇನ್ನಷ್ಟು ಚಿಕ್ಕದಾಗಿ, ಇನ್ನಷ್ಟು ಒರಟಾಗಿ ಬಾರಿಸಲು ಶುರುಮಾಡಿದರು. ಅದು ಹಾರ್ಡ್‌ಕೋರ್. ವಾಷಿಂಗ್ಟನ್ನಿನಲ್ಲಿ ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್. ಕ್ಯಾಲಿಫೋರ್ನಿಯಾದಲ್ಲಿ ಬ್ಲ್ಯಾಕ್ ಫ್ಲ್ಯಾಗ್. ಗಿಟಾರ್ ಸೋಲೊ ಇಲ್ಲ, ಅಲಂಕಾರ ಇಲ್ಲ, ಒಂದೂವರೆ ನಿಮಿಷದಲ್ಲಿ ಹಾಡು ಮುಗಿಯಬೇಕು. ವೇದಿಕೆಗೂ ಕೇಳುಗರಿಗೂ ನಡುವೆ ಅಂತರ ಇರಬಾರದು. ಕಛೇರಿ ನಡೆಯುತ್ತಿದ್ದದ್ದು ಚರ್ಚುಗಳ ನೆಲಮಾಳಿಗೆಯಲ್ಲಿ, ನಿವೃತ್ತ ಸೈನಿಕರ ಸಂಘದ ಹಾಲುಗಳಲ್ಲಿ. ಹದಿನೈದು ಹದಿನಾರರ ಹುಡುಗನೂ ಒಳಗೆ ಹೋಗಬಹುದಿತ್ತು. ಇದೇ ಹೊತ್ತಿಗೆ ಹೆವಿ ಮೆಟಲ್‌ನವರದು ಬೇರೆಯೇ ಲೋಕ: ಉದ್ದ ಕೂದಲು, ಉದ್ದ ಹಾಡು, ಬೆರಳಿನ ಚಳಕದ ಪ್ರದರ್ಶನ, ದೊಡ್ಡ ವೇದಿಕೆ. ಎರಡು ಬಣಗಳಲ್ಲಿ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿಗೆ ಗೋಡೆ ಬಿರುಕುಬಿಟ್ಟಿತು. ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ ತಂಡದ 1986ರ ‘ದಿ ಏಜ್ ಆಫ್ ಕ್ವಾರೆಲ್’ನಲ್ಲಿ ಹಾರ್ಡ್‌ಕೋರ್‌ನ ವೇಗಕ್ಕೆ ಮೆಟಲ್‌ನ ತೂಕ ಸೇರಿತ್ತು. ಆ ಶೀರ್ಷಿಕೆ ನಮ್ಮ ಕಲಿಯುಗವೇ. ತಂಡದ ಮುಖ್ಯರು ಹರೇ ಕೃಷ್ಣ ಪಂಥದ ಕಡೆ ವಾಲಿದ್ದವರು. ಮ್ಯಾನ್‌ಹಟನ್ನಿನ ಕೆಳಭಾಗದ ಗಲ್ಲಿಗಳಲ್ಲಿ ಹೊಡೆದಾಟ, ಮಾದಕದ್ರವ್ಯ, ಹಸಿವುಗಳ ನಡುವೆ ಬೆಳೆದ ಆ ಹುಡುಗರಿಗೆ ಕೃಷ್ಣನ ದೇವಸ್ಥಾನ ಮೊದಲು ಊಟದ ಮನೆ, ಆಮೇಲೆ ನಂಬಿಕೆ. ಯೂತ್ ಆಫ್ ಟುಡೇ ತಂಡದ ಗಾಯಕ ರೇ ಕ್ಯಾಪ್ಪೊ ಕೂಡ ಭಕ್ತನಾಗಿ, ಶೆಲ್ಟರ್ ಎಂಬ ಹೊಸ ತಂಡ ಕಟ್ಟಿದ. ಆ ಸಂಗೀತವನ್ನು ಹೊರತರಲು ಅವನು ತೆರೆದ ಸಂಸ್ಥೆಯೇ ಈಕ್ವಲ್ ವಿಷನ್. ಮುಂದೆ ಅದು ಬೇರೆ ಕೈಗೆ ಹೋಯಿತು, ಕೃಷ್ಣಭಕ್ತಿಯ ಚೌಕಟ್ಟು ಸಡಿಲವಾಯಿತು, ಕನ್ವರ್ಜ್‌ನಂಥ ದೇವರ ಸುದ್ದಿ ಎತ್ತದ ತಂಡಗಳೂ ಬಂದವು. ಅಮೆರಿಕದ ಹುಡುಗರು ಉಡುಪಿ, ಮಥುರೆಗಳ ದೇವರನ್ನು ಗಿಟಾರಿನ ಜೊತೆ ಕಟ್ಟಿಕೊಂಡ ಕತೆ ಬೇರೆಯದೇ ಲೇಖನ ಕೇಳುತ್ತದೆ. ಸದ್ಯಕ್ಕೆ, ‘ಜೇನ್ ಡೋ’ದ ಹಿಂಬದಿಯಲ್ಲಿ ಅಚ್ಚಾದ ಸಂಸ್ಥೆಯ ಹೆಸರಿಗೆ ಆ ಮೂಲವಿದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ತೊಂಬತ್ತರ ದಶಕದಲ್ಲಿ ಈ ಬೆರಕೆ ಬಲಿಯಿತು. ಕ್ಲೀವ್‌ಲ್ಯಾಂಡಿನ ಇಂಟೆಗ್ರಿಟಿ 1991ರಲ್ಲಿ ಮಾಡಿದ ಆಲ್ಬಂ, ಸಿರಕ್ಯೂಸ್‌ನ ಅರ್ಥ್ ಕ್ರೈಸಿಸ್ 1995ರಲ್ಲಿ ಮಾಡಿದ ‘ಡಿಸ್ಟ್ರಾಯ್ ದಿ ಮಷೀನ್ಸ್’ ಇವೆಲ್ಲ ದಾರಿ ತೋರಿಸಿದವು. ‘ಬ್ರೇಕ್‌ಡೌನ್’ ಎಂಬುದು ಆಗ ಹುಲುಸಾಗಿ ಬೆಳೆಯಿತು. ಹಾಡು ಓಡುತ್ತಾ ಓಡುತ್ತಾ ಒಮ್ಮೆಲೇ ಲಯ ಅರ್ಧಕ್ಕೆ ಇಳಿಯುತ್ತದೆ, ಗಿಟಾರು ಒಂದೇ ಸ್ವರವನ್ನು ಕುಟ್ಟತೊಡಗುತ್ತದೆ, ಎದುರಿಗಿದ್ದ ಹುಡುಗರು ಕೈಕಾಲು ಬೀಸಿ ಒಬ್ಬರ ಮೇಲೊಬ್ಬರು ಎರಗುತ್ತಾರೆ. ಇದು ಬೇಗ ಸೂತ್ರವೂ ಆಯಿತು. ಬ್ರೇಕ್‌ಡೌನ್ ಎಲ್ಲಿ ಬರುತ್ತದೆಂದು ಮೂರನೆಯ ಹಾಡಿನ ಹೊತ್ತಿಗೆ ಗೊತ್ತಾಗಿಬಿಡುತ್ತಿತ್ತು. ದಶಕದ ಕೊನೆಗೆ ಆ ಸೂತ್ರ ಮುರಿಯಲು ಹೊರಟವರಲ್ಲಿ ಟಕೋಮದ ಬಾಚ್, ನ್ಯೂಜೆರ್ಸಿಯ ಡಿಲಿಂಜರ್ ಎಸ್ಕೇಪ್ ಪ್ಲಾನ್ ಮುಖ್ಯರು. ಇಬ್ಬರ ದೊಡ್ಡ ಆಲ್ಬಂಗಳೂ 1999ರಲ್ಲಿಯೇ ಬಂದವು. ಎರಡೂ ಅದ್ಭುತ. ಆದರೆ ಡಿಲಿಂಜರ್‌ನವರನ್ನು ಕೇಳುವಾಗ ನನಗೆ ಬೆರಗು ಹುಟ್ಟುತ್ತದೆ, ಸಂಕಟ ಹುಟ್ಟುವುದಿಲ್ಲ. ಲೆಕ್ಕ ಬಲು ಚೆನ್ನಾಗಿ ಬರುವವರ ಮುಂದೆ ಕೂತಂತಾಗುತ್ತದೆ.

ಕನ್ವರ್ಜ್ ಶುರುವಾದದ್ದು 1990ರಲ್ಲಿ. ಗಾಯಕ ಜೇಕಬ್ ಬ್ಯಾನನ್‌ಗೆ ಆಗ ಹದಿನಾಲ್ಕೂ ತುಂಬಿರಲಿಲ್ಲ. ಗಿಟಾರಿನ ಕರ್ಟ್ ಬ್ಯಾಲೂ ಅವನಿಗಿಂತ ಸ್ವಲ್ಪ ದೊಡ್ಡವನು. ಹತ್ತು ವರ್ಷ ಅವರು ಸಣ್ಣ ಹಾಲುಗಳಲ್ಲಿ ಬಾರಿಸುತ್ತಾ, ಮೂರು ಆಲ್ಬಂ ಮಾಡಿ, ಒಳ್ಳೆಯ ತಂಡವೆಂದು ಹೆಸರು ಪಡೆದರು. ಅಷ್ಟೇ. 1998ರ ‘ವೆನ್ ಫಾರೆವರ್ ಕಮ್ಸ್ ಕ್ರ್ಯಾಶಿಂಗ್’ ಕೇಳಿದರೆ ಎಲ್ಲ ಸಾಮಗ್ರಿಯೂ ಅಲ್ಲಿದೆ, ಒಲೆ ಮಾತ್ರ ಇನ್ನೂ ಸರಿಯಾಗಿ ಹತ್ತಿಲ್ಲ. ವ್ಯತ್ಯಾಸ ತಂದವರು ಇಬ್ಬರು ಹೊಸಬರು ಎಂದು ನನ್ನ ಊಹೆ. ಬೇಸ್ ಗಿಟಾರಿಗೆ ನೇಟ್ ನ್ಯೂಟನ್, ಡ್ರಮ್ಮಿಗೆ ಬೆನ್ ಕಾಲರ್ ಬಂದರು. ಇಬ್ಬರಿಗೂ ಕನ್ವರ್ಜ್ ಜೊತೆ ‘ಜೇನ್ ಡೋ’ ಮೊದಲ ಪೂರ್ಣ ಆಲ್ಬಂ. ಕಾಲರ್‌ನ ಕೈ ವೇಗದ್ದು, ಅದಕ್ಕಿಂತ ಮುಖ್ಯವಾಗಿ ಹಗುರವಾದದ್ದು. ಎಷ್ಟೇ ಜೋರಾಗಿ ಬಾರಿಸಿದರೂ ಹೊಡೆತಗಳ ನಡುವೆ ಗಾಳಿ ಆಡುತ್ತದೆ. ಎರಡನೆಯ ಗಿಟಾರಿನ ಆರನ್ ಡಾಲ್ಬೆಕ್‌ಗೆ ಇದು ಕನ್ವರ್ಜ್ ಜೊತೆ ಕಡೆಯ ಆಲ್ಬಂ. ಅವನು ತನ್ನ ಇನ್ನೊಂದು ತಂಡವಾದ ಬೇನ್ ಕಡೆ ಹೋದ. ಆಮೇಲೆ ಕನ್ವರ್ಜ್ ಹೊಸ ಗಿಟಾರಿನವನನ್ನು ಹುಡುಕದೆ ನಾಲ್ವರಾಗಿಯೇ ಉಳಿಯಿತು.

ಬ್ಯಾಲೂ ವೈದ್ಯಕೀಯ ಉಪಕರಣಗಳ ಕ್ಷೇತ್ರದಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿದವನು. ಕೆಲಸದ ಆಚೆಗೆ ಗಾಡ್‌ಸಿಟಿ ಎಂಬ ತನ್ನ ಸ್ಟುಡಿಯೊ ಕಟ್ಟಿಕೊಂಡಿದ್ದ. ‘ಜೇನ್ ಡೋ’ ಮುದ್ರಣವಾದದ್ದು ಅಲ್ಲಿ ಮತ್ತು ಬಾಸ್ಟನ್ ಪ್ರದೇಶದ ಇನ್ನೆರಡು ಸ್ಟುಡಿಯೊಗಳಲ್ಲಿ: ಕ್ಯೂ ಡಿವಿಷನ್, ಮತ್ತೆ ಹಿಂದೆ ಪಿಕ್ಸೀಸ್ ತಂಡ ಮುದ್ರಿಸಿದ್ದ ಫೋರ್ಟ್ ಅಪಾಚಿ. ನಿರ್ಮಾಣದಲ್ಲಿ ಬ್ಯಾಲೂ ಜೊತೆ ಮ್ಯಾಥ್ಯೂ ಎಲ್ಲಾರ್ಡ್ ಇದ್ದ. ಆಲ್ಬಮ್ಮಿನ ಸದ್ದಿನ ಬಗ್ಗೆ ಇಂದಿಗೂ ಜಗಳವಿದೆ. ಗಾಯಕನ ದನಿ ಗಿಟಾರುಗಳ ಒಳಗೆ ಹೂತುಹೋಗಿದೆ, ಎಲ್ಲವೂ ಮಸುಕು ಮಸುಕು ಎಂದು ದೂರುವವರುಂಟು. ದೂರು ನಿಜವೇ. ನನಗೆ ಮಾತ್ರ ಅದು ದೋಷವೆನಿಸುವುದಿಲ್ಲ. ಸಾಮಾನ್ಯವಾಗಿ ರಾಕ್ ಸಂಗೀತದಲ್ಲಿ ಗಾಯಕ ಮುಂದೆ, ವಾದ್ಯಗಳು ಹಿಂದೆ. ಇಲ್ಲಿ ಗಾಯಕ ವಾದ್ಯಗಳ ಕೆಳಗೆ ಸಿಕ್ಕಿಬಿದ್ದು ಮೇಲೇಳಲು ಒದ್ದಾಡುತ್ತಿರುವವನು. ಚೊಕ್ಕವಾಗಿ ಮಿಶ್ರಣ ಮಾಡಿ ಅವನನ್ನು ಮೇಲಕ್ಕೆತ್ತಿದ್ದರೆ ಆ ಒದ್ದಾಟವೇ ಇರುತ್ತಿರಲಿಲ್ಲ. ಗಿಟಾರಿನ ದಪ್ಪ ತಂತಿಯನ್ನು ‘ಸಿ’ ಸ್ವರದವರೆಗೆ ಸಡಿಲಿಸಿ ಬಾರಿಸುವ ಕ್ರಮದಿಂದ ತಳದಲ್ಲಿ ಒಂದು ಗುಡುಗು ಸದಾ ಇರುತ್ತದೆ. ಅದರ ಮೇಲೆ ಬ್ಯಾಲೂ ಕೂಡಿಸುವ ಸ್ವರಗಳು ಹೆಚ್ಚಾಗಿ ಒಂದಕ್ಕೊಂದು ಹೊಂದದ, ಪಕ್ಕಪಕ್ಕದ ಸ್ವರಗಳು. ಶ್ರುತಿ ತಪ್ಪಿತೋ ಎನ್ನುವಷ್ಟರಲ್ಲಿ ಸರಿದಾರಿಗೆ ಬಂದಿರುತ್ತವೆ.

ಇನ್ನು ಆ ದನಿ. ಬ್ಯಾನನ್‌ದು ಡೆತ್ ಮೆಟಲ್‌ನವರ ಹೊಟ್ಟೆಯೊಳಗಿನ ಗುರುಗುಟ್ಟುವಿಕೆಯಲ್ಲ. ಮೇಲಿನ ಸ್ಥಾಯಿಯ, ಹರಿದ, ಕೀರಲು ದನಿ. ಪುಸ್ತಿಕೆಯಲ್ಲಿ ಸಾಹಿತ್ಯ ಅಚ್ಚಾಗಿದೆ, ಅದನ್ನು ಕೈಯಲ್ಲಿ ಹಿಡಿದು ಕೇಳಿದರೂ ಸಾಲು ತಪ್ಪುತ್ತದೆ. ಒಂದು ಸಂಬಂಧ ಮುರಿದುಬಿದ್ದ ಸಂಕಟದಲ್ಲಿ ಬ್ಯಾನನ್ ಇದನ್ನು ಬರೆದ. ಅಂಥ ವಸ್ತುವಿನ ಹಾಡಿನಲ್ಲಿ ಮಾತೇ ಕೇಳಿಸದಿದ್ದರೆ ಹೇಗೆ ಎಂದು ಯಾರಾದರೂ ಕೇಳಬಹುದು. ಸಾವಿನ ಮನೆಯಲ್ಲಿ ಎದೆ ಬಡಿದುಕೊಂಡು ಅಳುವವರ ಮಾತು ಯಾರಿಗಾದರೂ ಪೂರ್ತಿ ಅರ್ಥವಾಗುತ್ತದೆಯೇ? ಅರ್ಧ ಹೆಸರು, ಅರ್ಧ ಬೈಗುಳ, ಉಳಿದದ್ದು ಉಸಿರು. ಹಾಗಿದ್ದೂ ಅಂಗಳದಲ್ಲಿ ನಿಂತವರಿಗೆ ತಿಳಿಯದೆ ಉಳಿಯುವುದು ಏನೂ ಇಲ್ಲ. ಸ್ಪಷ್ಟವಾಗಿ ಹಾಡಿದ್ದರೆ ಇದು ಬ್ಯಾನನ್ ಎಂಬೊಬ್ಬ ಇಪ್ಪತ್ತನಾಲ್ಕರ ಯುವಕನ ಪ್ರೇಮಭಂಗದ ವರದಿಯಾಗುತ್ತಿತ್ತು. ಅಂಥ ವರದಿಗಳಿಗೆ ಪಾಪ್ ಸಂಗೀತದಲ್ಲಿ ಬರವಿಲ್ಲ. ಮಾತು ಅಳಿಸಿಹೋದ ಕಾರಣಕ್ಕೇ ಕೇಳುಗನ ಸ್ವಂತ ಸಂಕಟ ಒಳಗೆ ಬರಲು ಜಾಗ ಸಿಕ್ಕಿತು.

ಆದರೂ ನಲವತ್ತೈದು ನಿಮಿಷ ಬರೀ ಅರಚಾಟವನ್ನು ಯಾರೂ ತಡೆಯಲಾರರು. ಈ ಆಲ್ಬಮ್ಮಿನ ನಿಜವಾದ ಜಾಣತನ ಹಾಡುಗಳನ್ನು ಜೋಡಿಸಿದ ಕ್ರಮದಲ್ಲಿದೆ. ಮೊದಲ ಮೂರು ಹಾಡು ಒಂದೇ ಉಸಿರಿನ ದಾಳಿ. ನಾಲ್ಕನೆಯ ‘ಹೆಲ್ ಟು ಪೇ’ಯಲ್ಲಿ ವೇಗ ಕುಸಿಯುತ್ತದೆ, ಬೇಸ್ ಗಿಟಾರು ಮುಂದೆ ಬಂದು ತೆವಳುತ್ತದೆ. ದಣಿದ ಕಿವಿಗೆ ಅದು ವಿಶ್ರಾಂತಿಯಂತೆ ಕಂಡರೂ ಒಳಗೆ ಇನ್ನೊಂದು ಬಗೆಯ ಕತ್ತಲೆ. ಆಮೇಲೆ ‘ಹೋಮ್‌ರೆಕರ್’, ‘ದಿ ಬ್ರೋಕನ್ ವೋ’ ಬೆನ್ನುಬೆನ್ನಿಗೆ. ‘ದಿ ಬ್ರೋಕನ್ ವೋ’ದ ಕೊನೆಯಲ್ಲಿ ಗೆಳೆಯರ ದನಿಗಳೂ ಸೇರಿಕೊಳ್ಳುತ್ತವೆ. ಗುಂಪಾಗಿ ಕೂಗುವುದು ಹಾರ್ಡ್‌ಕೋರ್‌ನ ಹಳೆಯ ಪದ್ಧತಿ. ಒಗ್ಗಟ್ಟಿನ, ಗೆಲುವಿನ ಘೋಷಣೆಗೆ ಅದನ್ನು ಬಳಸುತ್ತಾರೆ. ಇಲ್ಲಿ ಸೋತವನೊಬ್ಬನ ಜೊತೆ ನಾಲ್ಕು ಜನ ನಿಂತು ಕೂಗುತ್ತಿದ್ದಾರೆ. ಇಡೀ ಆಲ್ಬಮ್ಮಿನಲ್ಲಿ ಕೈಯೆತ್ತಿ ಜೊತೆಗೂಡಿ ಕೂಗಬಹುದಾದ ಜಾಗ ಎಂದರೆ ಇದೇ. ಕಛೇರಿಗಳಲ್ಲಿ ಇದು ತಪ್ಪದೆ ಬರುವ ಹಾಡಾದದ್ದರಲ್ಲಿ ಆಶ್ಚರ್ಯವಿಲ್ಲ.

ಒಂಬತ್ತನೆಯದು ‘ಫೀನಿಕ್ಸ್ ಇನ್ ಫ್ಲೈಟ್’, ಹತ್ತನೆಯದು ‘ಫೀನಿಕ್ಸ್ ಇನ್ ಫ್ಲೇಮ್ಸ್’. ಮೊದಲನೆಯದು ನಿಧಾನ, ವಿಶಾಲ, ಮೇಲಕ್ಕೇರಲು ತವಕಿಸುವ ಹಾಡು. ಎರಡನೆಯದು ನಲವತ್ತೆರಡು ಸೆಕೆಂಡು; ಗಿಟಾರೇ ಇಲ್ಲ, ಬರೀ ಡ್ರಮ್ಮು ಮತ್ತು ಕೂಗು. ಹಾರಿದ ಹಕ್ಕಿ ಸುಟ್ಟುಬಿದ್ದದ್ದನ್ನು ಹೇಳಲು ಇದಕ್ಕಿಂತ ನೇರ ದಾರಿ ಇರಲಾರದು. ಬೂದಿಯಿಂದ ಏಳುವ ಪುರಾಣದ ಹಕ್ಕಿಯನ್ನು ತಲೆಕೆಳಗು ಮಾಡಿದ್ದಾರೆ, ಮೊದಲು ಹಾರಾಟ ಆಮೇಲೆ ಬೆಂಕಿ.

ಕಡೆಯದು ಶೀರ್ಷಿಕೆ ಗೀತೆ, ಹನ್ನೊಂದೂವರೆ ನಿಮಿಷ. ಆಲ್ಬಮ್ಮಿನ ಕಾಲುಭಾಗ ಇದೊಂದೇ. ಅರ್ಧ ನಿಮಿಷಕ್ಕೊಮ್ಮೆ ದಾರಿ ಬದಲಿಸುತ್ತಿದ್ದ ತಂಡ ಇಲ್ಲಿ ಒಂದೇ ಆಲೋಚನೆಯನ್ನು ಹಿಡಿದು ಕೂರುತ್ತದೆ. ಕೂಗಿನ ಹಿಂದೆ ಅರಚದ, ನೇರವಾಗಿ ಹಾಡುವ ದನಿಯೊಂದು ದೂರದಲ್ಲಿ ಕೇಳಿಸುತ್ತದೆ. ಗಿಟಾರಿನ ಅದೇ ಸ್ವರಗಳು ಮರಳಿ ಮರಳಿ ಬರುತ್ತಾ ಪ್ರತಿ ಸಲವೂ ಸ್ವಲ್ಪ ಹೆಚ್ಚು ತೂಕ ಹೊರುತ್ತವೆ. ಇದೇ ಹಾಡನ್ನು ಬೇರೆಯಾಗಿ ಕೇಳಿದರೆ ತುಸು ಎಳೆದಂತೆ ತೋರಬಹುದು. ಹಿಂದಿನ ಹನ್ನೊಂದನ್ನೂ ಕೇಳಿ ಸುಸ್ತಾಗಿ ಇಲ್ಲಿಗೆ ಬಂದವನಿಗೆ ಮಾತ್ರ ಅದು ಇನ್ನೇನೋ ಆಗುತ್ತದೆ. ಅಷ್ಟು ಹೊತ್ತಿನ ಅರಚಾಟ ಯಾವುದನ್ನು ಹೇಳಲಾಗದೆ ಅರಚುತ್ತಿತ್ತು ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಹಾಡುಗಳನ್ನು ಒಂದೊಂದಾಗಿ ಕಿತ್ತು ಪಟ್ಟಿ ಮಾಡಿ ಕೇಳುವ ಇಂದಿನ ಅಭ್ಯಾಸಕ್ಕೆ ಈ ಆಲ್ಬಂ ಒಗ್ಗುವುದಿಲ್ಲ.

ಹಾರ್ಡ್‌ಕೋರ್ ಹುಡುಗರು ಅದುವರೆಗೆ ಸಿಟ್ಟಾಗಿದ್ದದ್ದು ಹೊರಗಿನವರ ಮೇಲೆ: ಪೊಲೀಸರು, ಸರ್ಕಾರ, ಮಾಂಸ ತಿನ್ನುವವರು, ಕೊಟ್ಟ ಮಾತಿಗೆ ತಪ್ಪಿದ ಹಳೆಯ ಗೆಳೆಯರು. ಪ್ರೇಮದ ನೋವು ಹಾಡಿದರೆ ಮೆತ್ತಗಿನವನು ಎನಿಸಿಕೊಳ್ಳುವ ಭಯವಿತ್ತು. ಕನ್ವರ್ಜ್ ಆ ನೋವನ್ನು ಒಂದಿಷ್ಟೂ ಮೆತ್ತಗೆ ಮಾಡದೆ ಹಾಡಿತು. ಕುಡಿತ, ಹೊಗೆ ಮುಟ್ಟದ ಸ್ಟ್ರೇಟ್ ಎಡ್ಜ್ ಪಂಗಡದವನು ಬ್ಯಾನನ್. ಮೈನರ್ ಥ್ರೆಟ್‌ನ ಹಾಡೊಂದರಿಂದ ಹುಟ್ಟಿದ ಆ ಹೆಸರಿನ ಹುಡುಗರಿಗೆ ಮನಸ್ಸು ಮುರಿದ ರಾತ್ರಿ ಬಾಟಲಿಯ ಆಸರೆಯೂ ಇಲ್ಲ. ಆ ಎಚ್ಚರ ಸಂಗೀತದಲ್ಲೂ ಇದೆಯೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಇರುಸುಮುರುಸನ್ನೂ ಹೇಳಬೇಕು. ಜೇನ್ ಡೋ ಎಂದರೆ ಅಮೆರಿಕದ ಕೋರ್ಟು, ಶವಾಗಾರಗಳಲ್ಲಿ ಗುರುತು ಸಿಗದ ಹೆಂಗಸಿಗೆ ಬರೆದುಕೊಳ್ಳುವ ಹೆಸರು. ಆಲ್ಬಮ್ಮಿನ ತುಂಬ ಅವಳೇ ಇದ್ದಾಳೆ, ಅವಳ ಮಾತು ಒಂದೂ ಇಲ್ಲ. ಹಾಡುಗಳ ಹೆಸರನ್ನಷ್ಟೇ ನೋಡಿ: ಇಟ್ಟುಕೊಂಡವಳು, ಮನೆ ಮುರಿದವರು, ಮುರಿದ ಆಣೆ. ನೊಂದ ಗಂಡು ತನ್ನ ಪಾಲಿನ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ ದೂರು ಬರೆಯುತ್ತಾನೆ. ಬಾರಿಸುವವರೂ ಕೇಳುವವರೂ ಬಹುಪಾಲು ಗಂಡಸರೇ ಆಗಿದ್ದ ಆ ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುವವರೂ ಕಡಿಮೆ. ಸಾಹಿತ್ಯ ಕೇಳಿಸದೇ ಇರುವುದು ಈ ದೃಷ್ಟಿಯಿಂದಲೂ ಆಲ್ಬಮ್ಮಿಗೆ ಒದಗಿಬಂದ ಭಾಗ್ಯ.

ಹೊದಿಕೆಯ ಚಿತ್ರ ಬ್ಯಾನನ್‌ದೇ. ಅವನು ಗ್ರಾಫಿಕ್ ಕಲಾವಿದ. ತಂಡದ ಬಹುತೇಕ ಚಿತ್ರಗಳು ಅವನ ಕೈಯವು. ಕಪ್ಪು ಮಸಿಯ ನೆರಳುಗಳಲ್ಲಿ ಮೂಡಿದ ಹೆಣ್ಣಿನ ಮುಖ. ಕಣ್ಣಿನ ಸುತ್ತ ಕತ್ತಲೆ, ತುಟಿಯ ಒಂದು ಗೆರೆ, ಉಳಿದದ್ದು ಕಲೆ ಬಿದ್ದ ಕಾಗದ. ಇದು ಆಲ್ಬಮ್ಮನ್ನೂ ಮೀರಿ ಹರಡಿತು. ಕನ್ವರ್ಜ್‌ನ ಒಂದು ಹಾಡೂ ಕೇಳದವರ ಟೀ ಶರ್ಟಿನ ಮೇಲೂ ಕಂಡಿದ್ದೇನೆ. ಯಾರದ್ದೂ ಅಲ್ಲದ ಮುಖ, ಆದ್ದರಿಂದ ಎಲ್ಲರ ಮನಸ್ಸಿನ ಮುಖ ಎಂದು ಅಭಿಮಾನಿಗಳು ಭಾವಿಸಿಕೊಂಡಿದ್ದರು. ಹೆಚ್ಚುಕಡಿಮೆ ಎರಡು ದಶಕ ಕಳೆದ ಮೇಲೆ ಅದು ಫ್ರಾನ್ಸಿನ ರೂಪದರ್ಶಿ ಆಡ್ರಿ ಮಾರ್ನೆಯ ಮುಖ, ಫ್ಯಾಷನ್ ಪತ್ರಿಕೆಯೊಂದರ ಫೋಟೊ ಆಧರಿಸಿ ಮಾಡಿದ್ದು ಎಂಬುದು ಹೊರಬಿತ್ತು. ಹೆಸರೂ ಕಸುಬೂ ಇರುವ, ಬದುಕಿರುವ ಹೆಂಗಸು. ಗುರುತಿಲ್ಲದವಳು ಎಂಬ ತಲೆಬರಹದ ಕೆಳಗೆ ಅಷ್ಟು ವರ್ಷ ಆಕೆಯ ಮುಖ ಅಪರಿಚಿತರ ತೋಳು, ಬೆನ್ನುಗಳ ಮೇಲೆ ಸುತ್ತಾಡಿತು. ಸುದ್ದಿ ತಿಳಿದು ಅಭಿಮಾನಿಗಳು ನಕ್ಕು ಸುಮ್ಮನಾದರು. ನನಗೆ ಅದು ಆಲ್ಬಮ್ಮಿನ ಹದಿಮೂರನೆಯ ಹಾಡಿನಂತೆ ಕಂಡಿತು. ಒಳಗೆ ಕೇಳದೇ ಉಳಿದ ಪ್ರಶ್ನೆಯನ್ನು ಹೊದಿಕೆಯೇ ಕೇಳಿದ ಹಾಗೆ.

ಆಲ್ಬಮ್ಮಿನ ಪ್ರಭಾವ ಹಲವು ಕಡೆ ಹರಿಯಿತು. ‘ಹೆವನ್ ಇನ್ ಹರ್ ಆರ್ಮ್ಸ್’ ಎಂಬ ಎಂಟನೆಯ ಹಾಡಿನ ಹೆಸರನ್ನೇ ಜಪಾನಿನ ಒಂದು ತಂಡ ಇಟ್ಟುಕೊಂಡಿತು. ಬ್ಯಾಲೂನ ಗಾಡ್‌ಸಿಟಿ ಈ ಬಗೆಯ ಸದ್ದು ಬೇಕೆನ್ನುವವರ ವಿಳಾಸವಾಯಿತು: ನಾರ್ವೆಯ ಕ್ವೆಲರ್‌ಟಾಕ್, ಕ್ಯಾಲಿಫೋರ್ನಿಯಾದ ನೇಲ್ಸ್, ಪಿಟ್ಸ್‌ಬರ್ಗಿನ ಕೋಡ್ ಆರೆಂಜ್ ಎಲ್ಲರೂ ಅವನ ಬಳಿ ಬಂದರು. ಬ್ಯಾನನ್ ಗೆಳೆಯ ಟ್ರೇ ಮೆಕಾರ್ಥಿಯೊಡನೆ ಡೆತ್‌ವಿಶ್ ಎಂಬ ಸಂಸ್ಥೆ ನಡೆಸಿದ. ಇವುಗಳಿಗಿಂತ ಹೆಚ್ಚಾಗಿ ಹುಟ್ಟಿದ್ದು ನಕಲುಗಳು. ಹೊಂದದ ಸ್ವರ, ಹರಿದ ಗಂಟಲು, ಮಸಿ ಚೆಲ್ಲಿದ ಹೊದಿಕೆ ಇಷ್ಟಿದ್ದರೆ ಆಯಿತು ಎಂದುಕೊಂಡವರೇ ಬಹಳ. ನಿಧಾನದ ಹಾಡುಗಳನ್ನು ನಕಲು ಮಾಡಿದವರು ವಿರಳ, ಅವು ಕಷ್ಟ.

ನಮ್ಮಲ್ಲಿ? ಬೆಂಗಳೂರು ಮೆಟಲ್ ಊರು ಎಂದು ಹೆಸರಾದದ್ದು ನಿಜ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದವರಿದ್ದರು. ಇಲ್ಲಿಯ ಕ್ರಿಪ್ಟೋಸ್ ಯುರೋಪಿನಲ್ಲೆಲ್ಲ ಬಾರಿಸಿ ಬಂದಿದೆ. ಹಾರ್ಡ್‌ಕೋರ್ ಮಾತ್ರ ಅಷ್ಟು ಬೇರು ಬಿಡಲಿಲ್ಲ. ಆ ಕಡೆ ಮುಂಬಯಿಯ ಸ್ಕ್ರೈಬ್‌ನಂಥ ತಂಡಗಳು ಮುಂದಿದ್ದವು. ಕಾರಣ ರುಚಿಯದಲ್ಲ, ಜಾಗದ್ದು ಎಂದು ನನ್ನ ಅನಿಸಿಕೆ. ಆ ಸಂಗೀತ ಬೆಳೆಯುವುದು ಬಾಡಿಗೆ ಕಡಿಮೆಯ, ವೇದಿಕೆಯೇ ಇಲ್ಲದ ಹಾಲಿನಲ್ಲಿ, ಹದಿನಾರರ ಹುಡುಗ ಹುಡುಗಿಯರ ನಡುವೆ. ನಮ್ಮಲ್ಲಿ ಜೋರು ಸಂಗೀತಕ್ಕೆ ಸಿಕ್ಕ ಮನೆ ಪಬ್ಬು. ಹದಿನಾರರವರನ್ನು ಅಲ್ಲಿ ಬಾಗಿಲಲ್ಲೇ ತಡೆಯುತ್ತಾರೆ.

2016ರಲ್ಲಿ ನೆದರ್ಲೆಂಡ್ಸಿನ ಟಿಲ್‌ಬರ್ಗ್ ಊರಿನ ರೋಡ್‌ಬರ್ನ್ ಉತ್ಸವದಲ್ಲಿ ಕನ್ವರ್ಜ್ ಇಡೀ ಆಲ್ಬಮ್ಮನ್ನು ಒಂದೇ ಸಭೆಯಲ್ಲಿ ಬಾರಿಸಿತು. ಅದು ಮರುವರ್ಷ ‘ಜೇನ್ ಲೈವ್’ ಎಂದು ಹೊರಬಂತು. ಇಪ್ಪತ್ತನಾಲ್ಕರಲ್ಲಿ ಬರೆದದ್ದನ್ನು ನಲವತ್ತರ ಅಂಚಿನಲ್ಲಿ ಕೂಗುತ್ತಿದ್ದಾನೆ ಬ್ಯಾನನ್. ಬಾರಿಸುವಿಕೆ ಇನ್ನೂ ಬಿಗಿಯಾಗಿದೆ, ಕಾಲರ್ ಇನ್ನೂ ಹಗುರವಾಗಿದ್ದಾನೆ, ಕಡೆಯ ಹಾಡು ಭವ್ಯವಾಗಿದೆ. ಆದರೂ ನಾನು ಹಿಂತಿರುಗುವುದು ಮಸುಕು ಮಸುಕಾದ ಮೊದಲ ಮುದ್ರಣಕ್ಕೇ. ವೇದಿಕೆಯ ಮೇಲಿರುವವರಿಗೆ ಹಾಡು ಮುಂದೆ ಎಲ್ಲಿ ಹೋಗುತ್ತದೆಂದು ಗೊತ್ತಿದೆ. ಸ್ಟುಡಿಯೊದಲ್ಲಿದ್ದವರಿಗೆ ಅದು ಇನ್ನೂ ಗೊತ್ತಿರಲಿಲ್ಲ ಎಂಬಂತೆ ಕೇಳಿಸುತ್ತದೆ.

ಕೇಳಿ ನೋಡೋಣ ಎನ್ನುವವರಿಗೆ ಒಂದು ಸಲಹೆ. ‘ಕಾಂಕ್ಯುಬೈನ್’ನಿಂದ ಶುರುಮಾಡಬೇಡಿ, ಮೊದಲ ದಿನ ‘ದಿ ಬ್ರೋಕನ್ ವೋ’ ಒಂದನ್ನೇ ಕೇಳಿ. ಕಿವಿ ತಾಳಿಕೊಂಡರೆ ಇನ್ನೊಂದು ದಿನ ಸಾಹಿತ್ಯದ ಹಾಳೆ ಪಕ್ಕಕ್ಕಿಟ್ಟು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ತಳದ ಗುಡುಗು ಸಿಗದಿದ್ದರೆ ಮೇಲಿನ ಕಿರುಚಾಟವಷ್ಟೇ ಉಳಿಯುತ್ತದೆ. ಆಮೇಲೂ ಹಿಡಿಸದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕನ್ವರ್ಜ್ ಕೇಳುವವರ ಮನೆಮಂದಿಗೂ ಅದು ಹಿಡಿಸಿದ್ದು ಕಡಿಮೆಯೇ.